ನೋವು ಬರುವ ಮೊದಲೇ ಎದ್ದವಳು

ಬಾಯಿ ಬಿಟ್ಟು ಹೇಳಲಾಗದ ನೋವನ್ನೂ ಕೇಳಿಸಿಕೊಳ್ಳುವ ಶಿವನಿಗೆ ಮೊದಲು ಶರಣು. ಅವನ ನೆನಪಿನಲ್ಲಿ ಈ ಮಾತು ಸಾಗಲಿ.

ಒಂದು ಮಠದಲ್ಲಿ ಚೆನ್ನವೀರನೆಂಬ ಶಿಷ್ಯನಿದ್ದ. ಅವನಿಗೆ ಒಂಬತ್ತು ವರ್ಷಗಳಿಂದ ಮೊಣಕಾಲು ನೋವು. ಲೇಪ, ಕಷಾಯ, ಹರಕೆ ಯಾವುದಕ್ಕೂ ಅದು ಬಗ್ಗಿರಲಿಲ್ಲ. ಎಲ್ಲರಂತೆ ನೆಲದ ಮೇಲೆ ಕೂರಲಾಗದೆ ಸಂಜೆಯ ಭಜನೆಗೆ ಹೋಗುವುದನ್ನೇ ಬಿಟ್ಟಿದ್ದ. ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ದೂರದ ತಾಳದ ಸದ್ದು ಕೇಳುತ್ತಿದ್ದ. ಒಂದು ಮಧ್ಯಾಹ್ನ ಅವನು ಗುರುಗಳ ಬಳಿಗೆ ಬಂದ. ಗುರುಗಳು ಎಂದಿನಂತೆ ಕಂಬಕ್ಕೆ ಒರಗಿ ಕುಳಿತಿದ್ದರು.

"ಗುರುಗಳೇ, ಈ ನೋವು ಹೋಗಲಿ ಎಂದು ಇಷ್ಟು ವರ್ಷ ಬೇಡಿದೆ, ಹೋಗಲಿಲ್ಲ. ಹೋಗದ ನೋವನ್ನು ಇಟ್ಟುಕೊಂಡು ಬದುಕುವುದು ಹೇಗೆ?" ಎಂದು ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಬೀದಿಯಲ್ಲಿ ಎಲ್ಲರೂ ನೇಕಾರರು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಬೇಕು. ಬಿಸಿಲು ಏರುವುದರೊಳಗೆ ಅದು ಮುಗಿಯಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಒಬ್ಬರ ಹಾಸಿನ ಕೆಲಸಕ್ಕೆ ಬೀದಿಯವರೆಲ್ಲ ಬರುವುದು ಅಲ್ಲಿಯ ಪದ್ಧತಿ.

ಆ ಬೀದಿಯ ಒಬ್ಬ ನೇಕಾರನಿಗೆ ಬೆನ್ನು ನೋವು ಹಿಡಿಯಿತು. ಗಾಯವಿಲ್ಲ, ಬಾವಿಲ್ಲ, ನೋಡುವವರಿಗೆ ಏನೂ ಕಾಣದು. ಮೊದಲ ವರ್ಷ ಎಲ್ಲರೂ ವಿಚಾರಿಸಿದರು. ಎರಡನೆಯ ವರ್ಷ ಕೇಳುವವರು ಕಡಿಮೆಯಾದರು. ಆಮೇಲೆ ಒಬ್ಬ, "ನಮ್ಮ ಹಾಸು ಕಂಡರೆ ಮಾತ್ರ ನೋಡ್ರಿ ಇವನ ಬೆನ್ನು ನೋಯೋದು" ಎಂದ. ಎಲ್ಲರೂ ನಕ್ಕರು. ಅಂದಿನಿಂದ ನೇಕಾರ ಯಾರ ಹಾಸಿನ ಕೆಲಸಕ್ಕೂ ಹೋಗಲಿಲ್ಲ, ತನ್ನ ಕೆಲಸಕ್ಕೆ ಯಾರನ್ನೂ ಕರೆಯಲಿಲ್ಲ. ಗಂಜಿ ಹಾಕಿದ ನೂಲನ್ನು ಬೇರೆ ಊರಿನಿಂದ ತರಿಸಿ ನೇಯ್ದ. ನೋವು ಕಡಿಮೆಯಿದ್ದ ದಿನ ಎರಡು ದಿನದ ಬಟ್ಟೆ ನೇಯುತ್ತಿದ್ದ. ಮರುದಿನದಿಂದ ಮೂರು ದಿನ ಏಳಲಾಗದೆ ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದ. ಹಾಗೆ ಮೂರು ವರ್ಷ ಹೋಯಿತು.

ಒಂದು ಸಲ ಬೇರೆ ಊರಿನ ನೂಲು ಬರಲಿಲ್ಲ. ಮನೆಯಲ್ಲಿದ್ದ, ಗಂಜಿ ಹಾಕದ ಹಸಿ ನೂಲು ಕೆಟ್ಟರೆ ಆ ವರ್ಷ ಮಗ್ಗ ಖಾಲಿ. ನೇಕಾರ ಹಟದಿಂದ ಬೆಳಗಾಗುತ್ತಲೇ ಒಬ್ಬನೇ ಬೀದಿಯಲ್ಲಿ ಹಾಸು ಕಟ್ಟಿದ. ಒಂದು ಬದಿ ತೀಡಿ ಇನ್ನೊಂದು ಬದಿಗೆ ಬರುವಷ್ಟರಲ್ಲಿ ಗಂಜಿ ಒಣಗಿ ಎಳೆಗೆ ಎಳೆ ಅಂಟುತ್ತಿತ್ತು. ಜನ ಬಾಗಿಲಲ್ಲಿ ನಿಂತು ನೋಡಿದರು. ಅವನು ಕರೆಯಲಿಲ್ಲ, ಅವರು ಇಳಿಯಲಿಲ್ಲ.

ಒಬ್ಬ ಮುದುಕಿ ಮಾತ್ರ ಬಂದಳು. ಎಷ್ಟೋ ವರ್ಷಗಳಿಂದ ಅವನ ಮಗ್ಗದ ಕಂಡಿಕೆಗಳಿಗೆ, ಲಾಳಿಯೊಳಗಿನ ಸಣ್ಣ ಕೊಳವೆಗಳಿಗೆ, ನೂಲು ಸುತ್ತಿ ಕೊಡುತ್ತಿದ್ದವಳು. ಕಲ್ಲಿನ ಮೇಲೆ ಕುಳಿತು ಅಂಟಿದ ಎಳೆ ಬಿಡಿಸಿದಳು, ಕಡಿದ ಎಳೆ ಕಟ್ಟಿದಳು. ಹತ್ತು ಎಳೆ ಆಗುತ್ತಲೇ ಎದ್ದು ಕೈ ಇಳಿಬಿಟ್ಟು ನಿಂತಳು.

ನೇಕಾರನಿಗೆ ತಾಳ್ಮೆ ತಪ್ಪಿತು. "ಬಿಸಿಲು ಏರ್ತಾ ಐತಿ ದೊಡ್ಡವ್ವ, ಯಾಕ ಎದ್ದಿ? ಕೈ ನೋವು ಬಂತೇನು?"

"ಇಲ್ಲೋ ತಮ್ಮಾ, ಇನ್ನೂ ಬಂದಿಲ್ಲ. ಅದಕ್ಕೇ ಎದ್ದೆ" ಎಂದಳು ಮುದುಕಿ.

ಆಗ ಅವನು ಅವಳ ಬೆರಳುಗಳನ್ನು ನೋಡಿದ. ಗೆಣ್ಣುಗಳು ಬಾತು ಸೊಟ್ಟಗಾಗಿದ್ದವು. ಅವಳು ಹೇಳಿದಳು: ನೋವು ಬಂದು ಎಬ್ಬಿಸಿದರೆ ಆ ದಿನವೆಲ್ಲ ಅದರದೇ. ಹಗುರಾದ ದಿನವೂ ಒಂದು ಸಲಕ್ಕೆ ಹತ್ತೇ, ಆಸೆಬುರುಕತನ ಇಲ್ಲ. ಭಾರವಾದ ದಿನ ಐದು. ಪೂರ್ತಿ ಬಿಟ್ಟರೆ ಬೆರಳು ಮಡಚುವುದನ್ನೇ ಮರೆಯುತ್ತದೆ. ಯಾವಾಗ ಹೋಗುತ್ತೀ ಎಂದು ಅದನ್ನು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಇವತ್ತು ನನಗೆ ಎಷ್ಟು ಬಿಡುತ್ತೀ ಎಂದಷ್ಟೇ ಕೇಳುತ್ತೇನೆ. ಉಳಿದದ್ದಕ್ಕೆ ಶಿವ ಇದ್ದಾನೆ, ಬೀದಿಯವರಿದ್ದಾರೆ.

ನೇಕಾರ ಕುಂಚ ಕೆಳಗಿಟ್ಟ. ಆಮೇಲೆ ಬಾಗಿಲುಗಳ ಕಡೆಗೆ ತಿರುಗಿದ. ನನಗೆ ಬಗ್ಗಲಾಗದು, ಗಂಜಿ ಕಲಸಿಕೊಡಬಲ್ಲೆ, ಕೂತು ಎಳೆ ಕಟ್ಟಬಲ್ಲೆ, ಇನ್ನು ಮುಂದೆ ನಿಮ್ಮ ಹಾಸಿನ ಕೆಲಸಕ್ಕೂ ಅಷ್ಟನ್ನೇ ಮಾಡಬಲ್ಲೆ, ಕುಂಚ ಹಿಡಿಯುವವರು ಬೇಕು ಎಂದ. ಮೊದಲು ಇಳಿದು ಬಂದವನು ಅಂದು ಅವನ ಬೆನ್ನು ನೋವನ್ನು ಹಂಗಿಸಿದ್ದವನೇ. ಕುಂಚ ತೆಗೆದುಕೊಳ್ಳುತ್ತ, "ಇಷ್ಟು ಹೇಳಾಕ ಮೂರು ವರ್ಷ ಬೇಕಾತೇನೋ ಅಣ್ಣಾ?" ಎಂದ. ಅವನ ದನಿಯಲ್ಲಿ ನಗೆ ಇರಲಿಲ್ಲ.

ಅರ್ಧ ಹಾಸು ಕೆಟ್ಟಿತು, ಅರ್ಧ ಉಳಿಯಿತು. ನೇಕಾರನ ನೋವು ಹೋಗಲಿಲ್ಲ. ಅವನು ಒಂದು ಮೊಳ ನೇಯ್ದು ಏಳುತ್ತಿದ್ದ, ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬಂದು ಮತ್ತೆ ಕೂರುತ್ತಿದ್ದ. ಕೆಲವು ದಿನ ಏಳಲು ಆಗುತ್ತಲೇ ಇರಲಿಲ್ಲ. ಅಂಥ ದಿನ ಮುದುಕಿ ತನ್ನ ಹತ್ತು ಕಂಡಿಕೆಗಳನ್ನು ಅವನ ಪಕ್ಕದಲ್ಲೇ ಕುಳಿತು ಸುತ್ತುತ್ತಿದ್ದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಚೆನ್ನವೀರ ತಲೆ ತಗ್ಗಿಸಿ, "ಅವನಿಗೆ ಒಬ್ಬ ಮುದುಕಿಯಾದರೂ ಇದ್ದಳು. ಇಲ್ಲಿ ನನ್ನ ನೋವು ತಿಳಿದವರು ಯಾರಿದ್ದಾರೆ ಗುರುಗಳೇ?" ಎಂದ.

ಗುರುಗಳು ಮೆಲ್ಲಗೆ ಬೆನ್ನು ಸರಿಮಾಡಿಕೊಂಡು ಹೇಳಿದರು: "ಇಪ್ಪತ್ತು ವರ್ಷದಿಂದ ನಾನು ಈ ಕಂಬಕ್ಕೇ ಒರಗಿ ಕೂರುವುದು ಯಾಕೆಂದು ನೀನು ಒಂದು ದಿನವೂ ಕೇಳಲಿಲ್ಲವಲ್ಲಪ್ಪ."



ಇದನ್ನು ಕುಳಿತು ಕೇಳಿದವರಿಗೂ, ಕೂರಲಾಗದೆ ಮಲಗಿ ಕೇಳಿದವರಿಗೂ, ಒರಗಲು ಒಂದು ಕಂಬವನ್ನೂ ಪಕ್ಕದಲ್ಲಿ ಒಂದು ಜೀವವನ್ನೂ ಶಿವನು ಕರುಣಿಸಲಿ.