ಎಳೆಗೂಸಿನ ಬಟ್ಟೆಗೆ ಹುಳಿ ವಾಸನೆ ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ಗೊತ್ತಿರಲಿಲ್ಲ. ಆಗ ಗಾಳಿ, ನೀರು, ಹಾಲು ಎಲ್ಲವೂ ಮಾತಾಡುತ್ತಿದ್ದವು. ಕಣ್ಣಿಗೆ ಕಾಣದ ಸಣ್ಣ ಜೀವಿಗಳೂ ಮಾತಾಡುತ್ತಿದ್ದವು. ಸಣ್ಣ ಎಂದರೆ ಇರುವೆಯಷ್ಟಲ್ಲ. ಇರುವೆಯ ಕಣ್ಣಿನ ಮೇಲೆ ಅವುಗಳ ಇಡೀ ಊರೇ ಕೂರಬಹುದಿತ್ತು, ಅಷ್ಟು ಸಣ್ಣ.

ಅಂಥ ಒಬ್ಬಳು ಹುಳಿಯಕ್ಕ. ಆಗ ಅವಳಲ್ಲಿ ಹುಳಿ ಇರಲಿಲ್ಲ, ಹೆಸರು ಆಮೇಲೆ ಬಂದದ್ದು. ದ್ಯಾಮಕ್ಕ ಎಂಬ ಬಾಣಂತಿಯ ಮಗುವಿನ ಹೊಟ್ಟೆಯೇ ಅವಳ ಮನೆ. ಬಾಣಂತಿ ಎಂದರೆ ಈಗಷ್ಟೇ ಹೆತ್ತ ತಾಯಿ. ಆ ಮನೆಯ ಬಾಗಿಲು ಕಾಯುವುದು ಹುಳಿಯಕ್ಕನ ಕೆಲಸ. ಹೊರಗೆ ಕೊಳೆಯಣ್ಣ ಎಂಬ ಕೇಡಿಗ ದಂಡು ಕಟ್ಟಿಕೊಂಡು ಹೊಂಚುತ್ತಿದ್ದ. ಅವನು ಒಳಗೆ ಬಂದರೆ ಭೇದಿ. ಭೇದಿ ನಿಲ್ಲದಿದ್ದರೆ ಮಗು ಉಳಿಯುವುದಿಲ್ಲ.

ದ್ಯಾಮಕ್ಕನಿಗೆ ಮಗುವೆಂದರೆ ಪ್ರಾಣ. ತೊಂದರೆ ಆದದ್ದೇ ಅದರಿಂದ. ಮಗು ಅತ್ತರೆ ಬೇವಿನ ಕಷಾಯ. ಬಿಕ್ಕಿದರೆ ಬೇವಿನ ಕಷಾಯ. ಸುಮ್ಮನೆ ಮಲಗಿದರೆ, ಯಾಕೆ ಸುಮ್ಮನಿದೆಯೋ ಎಂದು ಬೇವಿನ ಕಷಾಯ. ಅಂಗಳದ ಹಾಗೆ ಹೊಟ್ಟೆಯನ್ನೂ ತೊಳೆಯಬೇಕೆಂದು ಅವಳ ನಂಬಿಕೆ. ಒಳಲೆ, ಅಂದರೆ ಕೂಸಿಗೆ ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು, ಅವಳ ಕೈ ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ಪ್ರತಿ ಒಳಲೆಗೂ ಹುಳಿಯಕ್ಕನ ಸಂಸಾರ ಕೊಚ್ಚಿಹೋಗುತ್ತಿತ್ತು. ಅವಳು ಮತ್ತೆ ಮನೆ ಕಟ್ಟುತ್ತಿದ್ದಳು. ಮತ್ತೆ ಕಷಾಯ. ಮತ್ತೆ ಕಟ್ಟುತ್ತಿದ್ದಳು. ಮತ್ತೆ ಕಷಾಯ. ಹುಳಿಯಕ್ಕನಿಗೆ ತಲೆ ಚಿಟ್ಟು ಹಿಡಿಯಿತು.

ಕೊನೆಗೆ ಅವಳೊಬ್ಬಳೇ ಉಳಿದಾಗ ಕೊಳೆಯಣ್ಣ ಒಳಗೆ ಇಣುಕಿದ.

“ಏನಕ್ಕಾ, ಮನೆ ಖಾಲಿ ಇದೆಯಂತೆ?”

“ಖಾಲಿ ಇಲ್ಲ. ನಾನಿದ್ದೇನೆ.”

“ಇರು, ಇರು. ಒಂದು ಮೂಲೆ ನಿನಗೇ ಬಿಡುತ್ತೇವೆ.”

ದಂಡು ನುಗ್ಗಿತು. ಭೇದಿ ಶುರುವಾಯಿತು. ಮಗುವಿನ ಕಣ್ಣುಗಳು ಗುಳಿಬಿದ್ದವು.

ಆಗ ತಾಯಿಯ ಹಾಲು ಇಳಿದು ಬಂತು. ಅದರಲ್ಲಿ ಒಂದು ಬಗೆಯ ಸಿಹಿ ಇದೆ, ಅದು ಮಗುವಿಗೆ ಅರಗುವುದೇ ಇಲ್ಲ. ಹುಳಿಯಕ್ಕ ಮಾತ್ರ ಅದು ಮಗುವಿನದೆಂದು ಇಷ್ಟು ದಿನ ಮುಟ್ಟಿರಲಿಲ್ಲ. ಹಾಲಿಗೂ ಸಾಕಾಗಿಹೋಗಿತ್ತು.

“ಅದು ಮಗುವಿನ ಪಾಲಲ್ಲ ಮಾರಾಯ್ತಿ, ನಿನ್ನ ಪಾಲು. ದಿನಾ ತರುತ್ತೇನೆ, ದಿನಾ ಬಿಡುತ್ತೀಯ.”

ಮೊದಲೇ ಹೇಳಬಾರದಿತ್ತೇ ಎಂದು ಗೊಣಗುತ್ತ ಹುಳಿಯಕ್ಕ ಸಿಟ್ಟಿನಲ್ಲೇ ತಿಂದಳು. ತಿಂದು ಒಬ್ಬಳು ಇಬ್ಬರಾದಳು. ಇಬ್ಬರು ಒಂದು ಕೇರಿಯಾದರು. ಕೇರಿ ಊರಾಯಿತು. ಊರಿಗೆ ಊರೇ ಒಟ್ಟಿಗೆ ತೇಗಿತು. ಆ ತೇಗು ಹುಳಿಯೆಂದರೆ ಹುಳಿ. ಕೊಳೆಯಣ್ಣನ ಮೈ ಉರಿಯಿತು. ಅವನ ದಂಡಿನಲ್ಲಿ ಓಡಬಲ್ಲವರು ಓಡಿದರು, ಉಳಿದವರು ಅಲ್ಲೇ ಸತ್ತರು.

ಇಷ್ಟಾದ ಮೇಲೆ ದ್ಯಾಮಕ್ಕ ಮಗುವಿನ ಬಟ್ಟೆ ಮೂಸಿದಳು. ಹುಳಿ ವಾಸನೆ! ಆಗಿನ್ನೂ ಯಾರೂ ಮೊಸರು ಕಂಡಿರಲಿಲ್ಲ, ಹುಳಿ ಎಂದರೆ ಕೆಟ್ಟದ್ದು ಎಂದೇ ಲೆಕ್ಕ. ಅವಳು ಗಾಬರಿಯಿಂದ ಒಳಲೆ ತುಂಬಿದಳು.

ಹುಳಿಯಕ್ಕ ಗಂಟಲು ಹರಿಯುವಂತೆ ಕೂಗಿದಳು. ಅಷ್ಟು ಸಣ್ಣ ಗಂಟಲು ಯಾರಿಗೆ ಕೇಳಬೇಕು? ವಾಸನೆ ಹೊತ್ತು ಹೊರಟಿದ್ದ ಗಾಳಿಗೆ ಕೇಳಿತು. ಅದು ತಿರುಗಿ ಬಂದು ದ್ಯಾಮಕ್ಕನ ಕಿವಿಯಲ್ಲಿ ಹುಳಿಯಕ್ಕನ ಮಾತನ್ನೇ ಹೇಳಿತು.

“ನಿನಗೆ ಕೈಮುಗಿಯುತ್ತೇನೆ ತಾಯಿ, ಇನ್ನು ತೊಳೆಯಬೇಡ. ಹಾಲು ಕೊಡು, ಸುಮ್ಮನಿರು.”

“ಸುಮ್ಮನೆ ಹೇಗಿರಲಿ?” ದ್ಯಾಮಕ್ಕನ ದನಿ ಒಡೆಯಿತು. “ಒಳಗೆ ಕಾಯುವವರು ಇದ್ದಾರೋ ಇಲ್ಲವೋ, ನನಗೆ ಹೇಗೆ ಗೊತ್ತಾಗಬೇಕು?”

ಗಾಳಿ ಹೋಗಿ ಉತ್ತರ ತಂದಿತು.

“ಮೂಸಿ ನೋಡು. ಹುಳಿ ಇದ್ದರೆ ನಾನಿದ್ದೇನೆ.”

ದ್ಯಾಮಕ್ಕ ಒಳಲೆ ನೋಡಿದಳು, ಮಗುವನ್ನು ನೋಡಿದಳು. ಕಷಾಯವನ್ನು ಅಂಗಳಕ್ಕೆ ಚೆಲ್ಲಿ, ಮಗುವನ್ನು ಎದೆಗೆ ಹಾಕಿಕೊಂಡಳು. ಸಂಜೆಗೆ ಭೇದಿ ನಿಂತಿತು. ಮಗು ಕಾಲು ಝಾಡಿಸಿ ಅವಳನ್ನೇ ಒದೆಯಿತು.

ಅದಕ್ಕೇ ಇವತ್ತಿಗೂ, ಎದೆಹಾಲು ಕುಡಿಯುವ ನಿನ್ನ ತಂಗಿಯ ಬಟ್ಟೆ ಬದಲಿಸುವಾಗ ಮಜ್ಜಿಗೆಯ ಹಾಗೆ ಸ್ವಲ್ಪ ಹುಳಿ ವಾಸನೆ ಬರುತ್ತದೆ. ನೀನು ಮೂಗು ಮುಚ್ಚಿಕೊಂಡು ಓಡುತ್ತೀಯ, ಒಳಗೆ ಬಾಗಿಲು ಕಾಯುವವಳು ಮಾತ್ರ ಕೂತಲ್ಲಿಂದ ಏಳುವುದಿಲ್ಲ.