ಸಿಗುಲಾಬಾಯಿಯ ಎರಡು ದೀಪ

ಸಿಗುಲಾಬಾಯಿ ನಮ್ಮ ಮಠಕ್ಕೆ ಬಂದಾಗ ಅವಳಿಗೆ ಅರವತ್ತೆರಡು. ಆ ವಯಸ್ಸಿಗೆ ನಾವೆಲ್ಲ ಮೂಲೆ ಹಿಡಿದು ಸೊಸೆಯಂದಿರನ್ನು ಬೈಯುತ್ತ ಕೂತಿರುತ್ತೇವೆ. ಅವಳು ಹೊಸ ಕೆಲಸ ಕಲಿಯಲಿಕ್ಕೆ ಬಂದಿದ್ದಳು.

ಯಹೂದಿ ಜನ. ಗಂಡ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದ, ತೀರಿಕೊಂಡ. ತಾನು ಮೂವತ್ತು ವರ್ಷ ನರ್ಸ್.

"ಅಜ್ಜಾರ, ಕಂಡವರ ಕೂಸು ಹಿಡಿದು ಹಿಡಿದು ಸಾಕಾತು," ಅಂದಳು ನಮ್ಮ ಗುರು ಕರಿಬಸಜ್ಜನಿಗೆ. "ನನಗ ಏನು ಬರೂದಿಲ್ಲೋ ಅದನ್ನ ಕಲಸ್ರಿ."

ಅಜ್ಜ ಮಲಪ್ರಭೆಯ ಕಡೆ ಕೈ ಮಾಡಿದರು. ದಂಡೆಯಲ್ಲಿ ಹರಿಗೋಲು ಬೋರಲು ಬಿದ್ದಿತ್ತು. ಅಂಬಿಗರ ಹುಲಿಗೆಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಮೂರು ತಿಂಗಳಾಗಿತ್ತು.

ನಾನು ಮಠದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅಜ್ಜನ ಶಿಷ್ಯಳು ಅಂತ ಊರ ತುಂಬ ಹೇಳಿಕೊಂಡಿದ್ದೆ. ಒಲೆ ಬಿಟ್ಟು ದಂಡೆಗೆ ಓಡಿದೆ. ಅರವತ್ತೆರಡರ ಹೆಂಗಸು ಕಚ್ಚೆ ಕಟ್ಟಿ ನೀರಿಗಿಳಿಯುವುದನ್ನು ನೋಡದೆ ಯಾರಾದರೂ ಬಿಡುತ್ತಾರೆಯೇ?

ಹುಲಿಗೆಪ್ಪ ದಂಡೆಯಲ್ಲಿ ಕೂತು ಹುಟ್ಟು ಹೀಗೆ ಹಾಕು, ಹಾಗೆ ಹಾಕು ಎಂದು ಕೂಗುತ್ತಿದ್ದ. ಹರಿಗೋಲು ನಡುನೀರಿನಲ್ಲಿ ಬುಗುರಿಯ ಹಾಗೆ ತಿರುಗುತ್ತಿತ್ತು. ಸೆರಗು ಒಂದು ಕಡೆ, ಕನ್ನಡಕ ಒಂದು ಕಡೆ.

"ಬಾಯಾರ, ಬೀಸೋ ಕಲ್ಲು ತಿರುವಾಕ ಹತ್ತೀರೇನು?" ಅಂದೆ. ದಂಡೆಯೆಲ್ಲ ನಕ್ಕಿತು.

ಅವಳೂ ನಕ್ಕಳು. "ಹಿಟ್ಟು ಬಂದ್ರ ನಿನಗ ಕೊಡ್ತೀನಿ, ಕಾಶವ್ವ."

ಎರಡು ತಿಂಗಳಲ್ಲಿ ಕಲಿತಳು. ಅಂಗೈಯ ಬೊಬ್ಬೆಗಳು ಒಡೆದು ಗಟ್ಟಿಯಾದವು. ಸಂತೆಯ ಹೆಂಗಸರು, ಅವರ ಕೋಳಿ, ಕುಂಬಳಕಾಯಿ ಎಲ್ಲ ಅವಳ ಕೈಯಲ್ಲೇ ಹೊಳೆ ದಾಟಿದವು.

"ಮೊದಲ ಗಾರ್ಡ್ ಸಾಹೇಬರ ಹೆಂಡ್ತಿ ಅಂತಿದ್ರು," ಅನ್ನುತ್ತಿದ್ದಳು. "ಈಗ ಹರಿಗೋಲ ಬಾಯಿ ಅಂತಾರ. ಇದು ನನ್ನದ ಹೆಸರು."

ಶನಿವಾರ ಮಾತ್ರ ಹುಟ್ಟು ಮುಟ್ಟುತ್ತಿರಲಿಲ್ಲ. ದಂಡೆಯ ಮೇಲಿನ ತನ್ನ ಗುಡಿಸಲಿನ ಬಾಗಿಲೂ ತೆಗೆಯುತ್ತಿರಲಿಲ್ಲ.

ಒಂದು ಶುಕ್ರವಾರ, ಹೊತ್ತು ಇನ್ನೂ ಮುಳುಗಿರಲಿಲ್ಲ, ಅವಳ ಕಿಟಕಿಯಲ್ಲಿ ಇಣುಕಿದೆ. ಎರಡು ದೀಪ. ಬಟ್ಟೆ ಮುಚ್ಚಿಟ್ಟ ಎರಡು ಚಪಾತಿ. ಒಬ್ಬಳೇ ವಿಧವೆಗೆ ಎರಡೆರಡು ಯಾಕೆ?

ಹುಲಿಗೆಪ್ಪನ ಹೆಂಡತಿ ಆ ವಾರ ತವರಿಗೆ ಹೋಗಿದ್ದಳು. ನನಗೆ ಇನ್ನೇನು ಬೇಕು?

"ದೀಪ ಎರಡು, ಚಪಾತಿ ಎರಡು," ಅಂದೆ, ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. "ಮರುದಿನ ಬಾಗಿಲಾ ತಗಿಯಂಗಿಲ್ಲ. ನಾ ಏನೂ ಅನ್ನೂದಿಲ್ಲವ್ವ, ನೀವ ತಿಳ್ಕೋರಿ."

ಸಂಜೆಯೊಳಗೆ ಎರಡೂ ದಂಡೆಗಳು ತಿಳಿದುಕೊಂಡವು.

ಸೋಮವಾರದ ಸಂತೆಗೆ ಹೆಂಗಸರು ಹರದಾರಿ ನಡೆದು ಸೇತುವೆ ಸುತ್ತಿ ಹೋದರು. ಹುಲಿಗೆಪ್ಪ ನಾಚಿ ದಂಡೆಗೆ ಬರುವುದನ್ನೇ ಬಿಟ್ಟ. ಸಿಗುಲಾಬಾಯಿ ಖಾಲಿ ಹರಿಗೋಲು ನಡೆಸಿದಳು. ಆಚೆ ಹೋಗುವಳು, ಈಚೆ ಬರುವಳು. ಒಬ್ಬರೂ ಹತ್ತಲಿಲ್ಲ.

ಮತ್ತೊಂದು ಶುಕ್ರವಾರ ಅಜ್ಜ ನನ್ನನ್ನು ಕರೆದರು. "ಸಿಗುಲಾಬಾಯಿಗೆ ಪಲ್ಯಾ ಕೊಟ್ಟು ಬಾ."

ಕಳ್ಳನನ್ನು ಹಿಡಿಯುವ ಆಸೆಯಿಂದಲೇ ಹೋದೆ. ಒಳಗೆ ಅವಳೊಬ್ಬಳೇ. ದೀಪದ ಮುಂದೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಅಲ್ಲಾಡುತ್ತಿತ್ತು.

"ಇನ್ನೊಬ್ರು ಎಲ್ಲಿ?" ಅಂದೆ.

"ಯಾರು?"

"ದೀಪ ಎರಡು ಅದಾವಲ್ಲ."

ಅವಳು ನನ್ನನ್ನೇ ನೋಡಿದಳು. ಮಾತು ಯಾರಿಂದ ಹೊರಟದ್ದು ಎಂದು ಅವಳಿಗೆ ಆಗ ತಿಳಿಯಿತು.

"ನಮ್ಮವ್ವ ಎರಡು ಹಚ್ತಿದ್ಲು," ಅಂದಳು. "ಅವರವ್ವನೂ ಎರಡು. ನಾಳೆ ನಮ್ಮ ದೇವರ ದಿನ. ಕೆಲಸ ಮಾಡಂಗಿಲ್ಲ, ಒಲಿ ಹಚ್ಚಂಗಿಲ್ಲ. ಹಿಂದಕ ನಮ್ಮವರು ಮರಳುಗಾಡಿನಾಗ ಅಲೀವಾಗ, ಈ ದಿನಕ್ಕಂತ ದೇವರು ಹಿಂದಿನ ದಿನಾನ ಎರಡು ಪಾಲು ಊಟ ಕೊಡ್ತಿದ್ನಂತ. ಅದಕ್ಕ ಎರಡು ಚಪಾತಿ. ಕುಂದ್ರು, ಒಂದು ನೀ ತಿನ್ನು."

ಉಪ್ಪು ಹಚ್ಚಿ ಕೊಟ್ಟಳು. ತಿಂದೆ.

"ದಂಡಿಗೆ ಹೋಗಿ ಒಂದ ಮಾತು ಹೇಳಿಬಿಡವ್ವ," ಅಂದಳು. "ಹರಿಗೋಲು ಹೋದ್ರ ನನಗ ಬ್ಯಾರೆ ಏನೂ ಉಳಿಯೂದಿಲ್ಲ."

"ಹೇಳ್ತೀನಿ," ಅಂದೆ.

ಹೇಳಲಿಲ್ಲ. ನಾಲ್ಕು ಜನರೆದುರು ನಾನೇ ಸುಳ್ಳುಬುರುಕಿ ಆಗಲೇ? ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಅನ್ನುವುದರಲ್ಲಿ ಶ್ರಾವಣ ಮುಗಿಯಿತು.

ದಸರೆಗೆ ಮುಂಚೆ ಅವಳು ಹರಿಗೋಲನ್ನು ಬೋರಲು ಹಾಕಿ, ಹುಟ್ಟನ್ನು ಅಜ್ಜನ ಕಟ್ಟೆಗೆ ಒರಗಿಸಿ, ಮುಂಬೈಗೆ ತಂಗಿಯ ಮನೆಗೆ ಹೋದಳು. ಚಳಿಯಲ್ಲಿ ಕಾಗದ ಬಂತು. ನನಗೆ ಓದು ಬಾರದು, ಅಜ್ಜ ಓದಿದರು.

ಸಿಗುಲಾಬಾಯಿ ಇನ್ನಿಲ್ಲ.

ಅಜ್ಜನ ಕಾಲು ಹಿಡಿದು ಎಲ್ಲ ಒದರಿದೆ.

"ಈಗರೆ ಹೇಳ್ತೀನ್ರಿ ಅಜ್ಜಾರ. ಈ ದಂಡಿಯವರಿಗೂ ಹೇಳ್ತೀನಿ, ಆ ದಂಡಿಯವರಿಗೂ ಹೇಳ್ತೀನಿ."

ಅಜ್ಜ ಹುಟ್ಟು ತಂದು ನನ್ನ ಕೈಗೆ ಕೊಟ್ಟರು. "ಮೊದಲ ಆ ದಂಡಿಗೆ ಹೋಗು."

"ಸೇತುವಿ ಮ್ಯಾಲೆ ಹೋಗ್ತೀನ್ರಿ."

"ಹರಿಗೋಲಿನಾಗ."

ಹತ್ತಿದೆ. ಹುಟ್ಟು ಹಾಕಿದೆ. ಹರಿಗೋಲು ನಿಂತಲ್ಲೇ ತಿರುಗಿತು. ಮತ್ತೆ ಹಾಕಿದೆ, ಮತ್ತೆ ತಿರುಗಿತು. ಅಜ್ಜ, ಆಚೆ ದಂಡೆ, ಬಟ್ಟೆ ಒಗೆಯುವ ಕಲ್ಲು, ಮತ್ತೆ ಅಜ್ಜ. ಬೀಸೋ ಕಲ್ಲಿನ ಮಾತು ನೆನೆದು ಯಾರೋ ನಕ್ಕರು.

"ಅಜ್ಜಾರ, ಇದು ದಾಟವಲ್ದು!" ಎಂದು ಕೂಗಿದೆ.

ಅಜ್ಜ ದಂಡೆಯ ಮೇಲೆ ಕೂತರು.

"ಆವತ್ತು ನಿನ್ನ ಮಾತು ಹರಿಗೋಲು ಇಲ್ಲದನ ದಾಟಿತ್ತಲ್ಲವ್ವ."