ಮೇಲ್ನೀರಿನ ದೊಡ್ಡಸ್ತಿಕೆ

ಆ ಗಾಳಿಗೆ ನಮ್ಮೂರ ಕಡಲಲ್ಲೊಂದು ಹೆಸರಿತ್ತು. ಬಡ... ಬಡಗ... ಈ ಒಣನಾಡಿಗೆ ಬಂದು ನಾಲಿಗೆಯೇ ಮರೆತಿದೆ. ಬಡಗಾಳಿ ಎಂದೇ ಇರಲಿ. ಮಳೆಗಾಲದಲ್ಲಿ ಅದು ದಡದುದ್ದಕ್ಕೂ ಬೀಸಿ, ಮೇಲಿನ ಬೆಚ್ಚನೆಯ ನೀರನ್ನು ಆಚೆ ತಳ್ಳುತ್ತಿತ್ತು. ತೆರವಾದ ಜಾಗಕ್ಕೆ ತಳದ ತಣ್ಣೀರು ಮೇವು ಹೊತ್ತು ಏರಿ ಬರುತ್ತಿತ್ತು. ಬೈಗೆಮೀನು ಮರಿಗಳೊಡನೆ ಹೊಟ್ಟೆತುಂಬ ತಿಂದು, ಮೇಲ್ನೀರನ್ನೇ ಅನ್ನದಾತನೆಂದು ಹೊಗಳುತ್ತಿತ್ತು. ಊಟ ಸಿಗುತ್ತಿದ್ದದ್ದು ಮೇಲೆ ತಾನೇ!

ಒಂದು ವರ್ಷ ಲೋಕವೆಲ್ಲ ಬಿಸಿಯೇರಿ, ಗಾಳಿಯ ಕಸುವು ಕುಂದಿತು. ಮೇಲ್ನೀರು ಕದಲಲಿಲ್ಲ. ಮರಿಗಳು ಹಸಿವಿನಿಂದ ಸೊರಗಿದವು.

"ಒಡೆಯಾ, ತುಸು ಸರಿಯಿರಿ. ಕೆಳಗಿನವಳು ಮೇವು ತರಲಿ," ಎಂದು ಬೈಗೆ ಬೇಡಿತು.

"ಅನ್ನದಾತ ನಾನೆಂದು ಹಾಡಿದವಳು ನೀನೇ. ಈಗ ನನ್ನನ್ನೇ ಎಬ್ಬಿಸುತ್ತೀಯಾ?" ಎಂದಿತು ಮೇಲ್ನೀರು.

ಬೈಗೆ ತಳಕ್ಕಿಳಿಯಿತು. "ಅಕ್ಕಾ, ನೀನಾದರೂ ಮೇಲೆ ಬಾರೇ."

"ಬುತ್ತಿ ಕಟ್ಟಿಕೊಂಡೇ ಕೂತಿದ್ದೇನೆ ತಂಗಿ. ಗಾಳಿ ಬಂದು ಅವನನ್ನು ಎಬ್ಬಿಸದೆ ನನಗೆಲ್ಲಿ ದಾರಿ?" ಎಂದಿತು ತಣ್ಣೀರು. "ಅದಿರಲಿ, ನಾನು ಇಲ್ಲಿದ್ದೇನೆಂದು ಇವತ್ತು ನೆನಪಾಯಿತೇ?"

ಬೈಗೆ ಮೇಲಕ್ಕೆ ಮರಳಿತು. ಅಷ್ಟರಲ್ಲಿ ಮರಿಗಳು ಸತ್ತು ತೇಲುತ್ತಿದ್ದವು.

"ನನ್ನ ಮಡಿಲಲ್ಲೇ ಪ್ರಾಣ ಬಿಟ್ಟವು. ಪುಣ್ಯವಂತ ಮರಿಗಳು!" ಎಂದಿತು ಮೇಲ್ನೀರು.

ಬೈಗೆ ಆ ಕಡಲನ್ನೇ ಬಿಟ್ಟು ಹೋಯಿತು. ಹೋದಲ್ಲಿ ಹೊಟ್ಟೆ ತುಂಬಿತು, ಆದರೆ ಅದು ಮತ್ತೆ ಯಾರನ್ನೂ ಹೊಗಳಲಿಲ್ಲ.

ಸುರಭೀ, ಇದನ್ನು ಬರೆದಿಡು ಮಗಾ. ಬೇರೇನು ಬಿಟ್ಟರೂ, ಮೇಲ್ನೀರು ಕೊನೆಗೆ ಆಡಿದ ಮಾತನ್ನು ಮಾತ್ರ ಬಿಡಬೇಡ.